ಬಳಕೆದಾರರೇ ಹಾಕಿಕೊಂಡ ಪ್ರೋಗ್ರಾಮಿನ ವಿಳಾಸ ಯಾವುದು?

ಲಿನಕ್ಸ್ ಅಥವಾ ಬಿಎಸ್‌ಡಿ ಡೆಸ್ಕ್‌ಟಾಪನ್ನು ಕೆಲವು ವರ್ಷ ಬಳಸಿದವರು ತಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕಡತಗಳನ್ನೂ ಸೇರಿಸಿ ಒಮ್ಮೆ ಪಟ್ಟಿ ತೆಗೆದು ನೋಡಿದರೆ, ತಾವು ಎಂದೂ ಸೃಷ್ಟಿಸದ ಹತ್ತಾರು ಹೆಸರುಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಎಲ್ಲವೂ ಚುಕ್ಕಿಯಿಂದ ಶುರುವಾಗುವ ಹೆಸರುಗಳು. ಅವುಗಳಲ್ಲಿ ಕೆಲವು ಈಗಲೂ ಬಳಕೆಯಲ್ಲಿರುವ ಪ್ರೋಗ್ರಾಮುಗಳಿಗೆ ಸೇರಿದವು, ಕೆಲವು ಎಂದೋ ತೆಗೆದುಹಾಕಿದವುಗಳ ಪಳೆಯುಳಿಕೆ, ಇನ್ನು ಕೆಲವು ಯಾರವೆಂದೇ ತಿಳಿಯದವು. ಯಾವುದನ್ನು ಬ್ಯಾಕಪ್‌ನಲ್ಲಿ ಉಳಿಸಬೇಕು, ಯಾವುದನ್ನು ನಿಶ್ಚಿಂತೆಯಿಂದ ಅಳಿಸಬಹುದು, ಯಾವುದರೊಳಗೆ ಪಾಸ್‌ವರ್ಡ್ ಇದೆ ಎಂಬುದು ಹೆಸರಿನಿಂದ ಗೊತ್ತಾಗುವುದಿಲ್ಲ.

ಈ ಗೊಂದಲದೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು ಪ್ರೋಗ್ರಾಮ್ ತನ್ನ ಸೆಟ್ಟಿಂಗುಗಳನ್ನೂ ಮಾಹಿತಿಯನ್ನೂ ಬಳಕೆದಾರರ ಜಾಗದಲ್ಲಿ ಎಲ್ಲಿ ಇಡಬೇಕು ಎಂಬುದು ಮೊದಲನೆಯದು. ನಿರ್ವಾಹಕರ ಅನುಮತಿ ಬೇಡದೆ ಬಳಕೆದಾರರೇ ಇನ್‌ಸ್ಟಾಲ್ ಮಾಡಿಕೊಂಡ ಪ್ರೋಗ್ರಾಮು ಸ್ವತಃ ಎಲ್ಲಿರಬೇಕು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಇಂದು ಬಹುಮಟ್ಟಿಗೆ ಒಪ್ಪಿತವಾದ, ವಿವೇಕಯುತವಾದ ಉತ್ತರವಿದೆ. ಎರಡನೆಯದಕ್ಕೆ ಸಿಕ್ಕಿರುವುದು ಅರ್ಧ ಉತ್ತರ ಮಾತ್ರ. ಆ ಉಳಿದರ್ಧ ಏಕೆ ಸಿಗಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಮೊದಲರ್ಧ ಹೇಗೆ ಸಿಕ್ಕಿತೆಂದು ನೋಡಬೇಕು. (ಫೋಲ್ಡರುಗಳ ಹೆಸರನ್ನು ಇಲ್ಲಿ ಉಚ್ಚರಿಸುವ ಹಾಗೆಯೇ ಬರೆದಿದ್ದೇನೆ, ~ ಚಿಹ್ನೆ ಹೋಮ್ ಫೋಲ್ಡರನ್ನು ಸೂಚಿಸುತ್ತದೆ.)

ಲಿನಕ್ಸ್, ಬಿಎಸ್‌ಡಿಗಳಿಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ್ದು ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ. ಪ್ರೋಗ್ರಾಮುಗಳನ್ನು ಹಾಕುವುದು ನಿರ್ವಾಹಕರ ಕೆಲಸ, ಬಳಸುವುದು ಉಳಿದವರ ಕೆಲಸ ಎಂಬ ವಿಂಗಡಣೆ ಅದರ ಕಡತ ವ್ಯವಸ್ಥೆಯಲ್ಲೇ ಕೆತ್ತಿಹೋಗಿದೆ. ಡಿಸ್ಟ್ರೊ (ವ್ಯವಸ್ಥೆಯನ್ನು ಪ್ರೋಗ್ರಾಮುಗಳ ಸಮೇತ ಕಟ್ಟಿಕೊಡುವ ವಿತರಣೆ) ಕೊಡುವ ಪ್ರೋಗ್ರಾಮುಗಳಿಗೆ /ಯುಎಸ್‌ಆರ್/ಬಿನ್, ನಿರ್ವಾಹಕರು ಕೈಯಾರೆ ಹಾಕಿದವುಗಳಿಗೆ /ಯುಎಸ್‌ಆರ್/ಲೋಕಲ್, ಹೊರಗಿನವರು ಇಡಿಯ ಕಟ್ಟಾಗಿ ಕೊಡುವ ತಂತ್ರಾಂಶಕ್ಕೆ /ಆಪ್ಟ್. 1994ರ ಫೆಬ್ರವರಿಯಲ್ಲಿ ಲಿನಕ್ಸಿಗಾಗಿ ಮೊದಲು ಹೊರಬಂದು, ಮುಂದೆ ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್ ಎಂಬ ಹೆಸರು ಪಡೆದು, 2015ರಲ್ಲಿ 3.0 ಆವೃತ್ತಿಯವರೆಗೆ ಬಂದ ಮಾನದಂಡವು ಇದನ್ನೆಲ್ಲ ವಿವರವಾಗಿ ನಿಗದಿಪಡಿಸುತ್ತದೆ. ಆದರೆ ಹೋಮ್ ಫೋಲ್ಡರಿನ ಹೊಸ್ತಿಲಿಗೆ ಬಂದೊಡನೆ ಆ ಮಾನದಂಡ ಹೆಚ್ಚುಕಡಿಮೆ ಮೌನ ತಾಳುತ್ತದೆ. ಅದು ಬಳಕೆದಾರರ ಸ್ವಂತ ಜಾಗ, ಅಲ್ಲಿ ಅವರಿಷ್ಟ ಎಂಬುದೇ ಅದರ ಧೋರಣೆ. ವಿಚಿತ್ರವೆಂದರೆ /ಯುಎಸ್‌ಆರ್ ಎಂಬ ಫೋಲ್ಡರು ಮೊದಮೊದಲು ಬಳಕೆದಾರರ ಹೋಮ್ ಫೋಲ್ಡರುಗಳೇ ಇದ್ದ ಜಾಗ. ಡಿಸ್ಕಿನಲ್ಲಿ ಸ್ಥಳ ಸಾಲದೆ ವ್ಯವಸ್ಥೆಯ ಪ್ರೋಗ್ರಾಮುಗಳು ಅಲ್ಲಿಗೆ ನುಗ್ಗಿದವು, ಕೊನೆಗೆ ಬಳಕೆದಾರರೇ ಅಲ್ಲಿಂದ ಎದ್ದು ಬೇರೆಡೆಗೆ ಹೋಗಬೇಕಾಯಿತು.

ಚುಕ್ಕಿ ಹೆಸರುಗಳ ಕಥೆಯೂ ಆಕಸ್ಮಿಕವೇ. ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಂತೆ, ಪ್ರತಿ ಫೋಲ್ಡರಿನಲ್ಲೂ ಇರುವ ಒಂದು ಚುಕ್ಕಿ ಮತ್ತು ಎರಡು ಚುಕ್ಕಿಯ ವಿಶೇಷ ನಮೂದುಗಳು ಪಟ್ಟಿಯಲ್ಲಿ ಕಾಣದಿರಲೆಂದು ಯಾರೋ ಹಾಕಿದ ಪರೀಕ್ಷೆಯು ಹೆಸರಿನ ಮೊದಲ ಅಕ್ಷರವನ್ನು ಮಾತ್ರ ನೋಡುತ್ತಿತ್ತು. ಆ ಅಡ್ಡದಾರಿಯಿಂದಾಗಿ ಚುಕ್ಕಿಯಿಂದ ಶುರುವಾಗುವ ಎಲ್ಲ ಹೆಸರುಗಳೂ ಮರೆಯಾದವು. ಮರೆಯಾಗುವ ಜಾಗವೊಂದಿದೆ ಎಂದು ತಿಳಿದ ಕೂಡಲೇ ಪ್ರೋಗ್ರಾಮುಗಳನ್ನು ಬರೆಯುವವರೆಲ್ಲ ತಮ್ಮ ಸೆಟ್ಟಿಂಗ್ ಕಡತಗಳನ್ನು ಅಲ್ಲಿ ಇಡತೊಡಗಿದರು. ಯಾರೂ ಕೂತು ವಿನ್ಯಾಸ ಮಾಡಿದ್ದಲ್ಲ.

ಇದಕ್ಕೊಂದು ಕ್ರಮ ತರುವ ಪ್ರಯತ್ನ ಡೆಸ್ಕ್‌ಟಾಪ್ ಕಡೆಯಿಂದ ಬಂತು. ಗ್ನೋಮ್ ಮತ್ತು ಕೆಡಿಇಯಂಥ ಬೇರೆ ಬೇರೆ ಡೆಸ್ಕ್‌ಟಾಪುಗಳು ಪರಸ್ಪರ ಹೊಂದಿಕೊಳ್ಳಲೆಂದು 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಆರಂಭಿಸಿದ ಎಕ್ಸ್ ಡೆಸ್ಕ್‌ಟಾಪ್ ಗ್ರೂಪ್, ಅಂದರೆ ಈಗಿನ ಫ್ರೀಡೆಸ್ಕ್‌ಟಾಪ್ ಸಂಘಟನೆ, 2003ರ ಹೊತ್ತಿಗೆ ಬೇಸ್ ಡೈರೆಕ್ಟರಿ ಎಂಬ ಚಿಕ್ಕ ಮಾನದಂಡವನ್ನು ಮುಂದಿಟ್ಟಿತು. ಆ ಗುಂಪಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದನ್ನು ಎಕ್ಸ್‌ಡಿಜಿ ಮಾನದಂಡವೆಂದೇ ಕರೆಯುವುದು ರೂಢಿ. ಕೆಲವೇ ಪುಟಗಳ ಈ ಬರಹದ ಜಾಣ್ಮೆ ಇರುವುದು ಫೋಲ್ಡರುಗಳ ಹೆಸರಿನಲ್ಲಲ್ಲ, ಅದು ಕೇಳುವ ಪ್ರಶ್ನೆಯಲ್ಲಿ. ಈ ಕಡತ ಯಾವ ಪ್ರೋಗ್ರಾಮಿಗೆ ಸೇರಿದ್ದು ಎಂದು ಕೇಳುವ ಬದಲು ಈ ಕಡತ ಕಳೆದುಹೋದರೆ ಏನಾಗುತ್ತದೆ ಎಂದು ಕೇಳಿದರೆ ಸಿಗುವಂಥ ವಿಂಗಡಣೆ ಅದರಲ್ಲಿದೆ.

ಬಳಕೆದಾರರು ಯೋಚಿಸಿ ಮಾಡಿಕೊಂಡ ಆಯ್ಕೆಗಳು, ಅಂದರೆ ಬಣ್ಣ, ಕೀಲಿ ಜೋಡಣೆ, ಸರ್ವರಿನ ವಿಳಾಸ ಮುಂತಾದವು, ~/.ಕಾನ್ಫಿಗ್ ಒಳಗೆ ಹೋಗುತ್ತವೆ. ಇವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕೊಂಡೊಯ್ಯಬಹುದು, ಗಿಟ್‌ನಲ್ಲಿಟ್ಟು ಬದಲಾವಣೆಗಳ ಜಾಡು ಹಿಡಿಯಬಹುದು. ಬಳಕೆದಾರರ ಕೆಲಸದಿಂದ ಹುಟ್ಟಿದ, ಕಳೆದುಕೊಂಡರೆ ಮರಳಿ ಬಾರದ ಮಾಹಿತಿ, ಉದಾಹರಣೆಗೆ ಟಿಪ್ಪಣಿಗಳ ಡೇಟಾಬೇಸ್ ಅಥವಾ ತಾವೇ ತಂದು ಹಾಕಿಕೊಂಡ ಫಾಂಟುಗಳು, ~/.ಲೋಕಲ್/ಶೇರ್ ಒಳಗಿರುತ್ತವೆ. ಮತ್ತೆ ಲೆಕ್ಕಹಾಕಿ ಅಥವಾ ಮತ್ತೆ ಇಳಿಸಿಕೊಂಡು ಪಡೆಯಬಹುದಾದ ಎಲ್ಲವೂ ~/.ಕ್ಯಾಶ್ ಒಳಗೆ, ಅದನ್ನು ಇಡಿಯಾಗಿ ಅಳಿಸಿದರೂ ಆಗುವ ನಷ್ಟ ಸ್ವಲ್ಪ ಸಮಯ ಮಾತ್ರ, ಆದ್ದರಿಂದ ಬ್ಯಾಕಪ್‌ನಿಂದ ಅದನ್ನು ಹೊರಗಿಡಬಹುದು. ಬಹುಕಾಲ ಇವು ಮೂರೇ ಇದ್ದವು. ಶೆಲ್‌ನಲ್ಲಿ (ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ಹಿಂದೆ ಕೊಟ್ಟ ಆಜ್ಞೆಗಳ ಚರಿತ್ರೆ, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ, ಕಿಟಕಿ ಕೊನೆಯ ಬಾರಿ ಇದ್ದ ಜಾಗ, ಲಾಗ್ ಕಡತಗಳು ಇತ್ಯಾದಿಗಳು ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಒಗ್ಗುತ್ತಿರಲಿಲ್ಲ. ಅವು ಬಳಕೆದಾರರ ಆಯ್ಕೆಯೂ ಅಲ್ಲ, ಅಮೂಲ್ಯ ಮಾಹಿತಿಯೂ ಅಲ್ಲ, ಹಾಗೆಂದು ಪ್ರೋಗ್ರಾಮನ್ನು ಮತ್ತೆ ತೆರೆದಾಗ ಮಾಯವಾಗಿದ್ದರೆ ಕಿರಿಕಿರಿ. 2021ರ ಮೇ ತಿಂಗಳಲ್ಲಿ ಬಂದ 0.8 ಆವೃತ್ತಿಯು ಇಂಥವುಗಳಿಗಾಗಿ ~/.ಲೋಕಲ್/ಸ್ಟೇಟ್ ಎಂಬ ನಾಲ್ಕನೆಯ ಜಾಗವನ್ನು ಸೇರಿಸಿತು.

ಈ ನಾಲ್ಕೂ ಪೂರ್ವನಿಯೋಜಿತ ಜಾಗಗಳಷ್ಟೇ. ಪ್ರತಿಯೊಂದಕ್ಕೂ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮುಗಳು ಓದಿಕೊಳ್ಳುವ, ಹೆಸರಿಟ್ಟ ಮೌಲ್ಯ) ಇದ್ದು, ಬಳಕೆದಾರರು ಅದನ್ನು ಬದಲಿಸಿದರೆ ಪ್ರೋಗ್ರಾಮು ಅಲ್ಲಿಗೇ ಹೋಗಬೇಕು; ವೇರಿಯಬಲ್ ಖಾಲಿಯಿದ್ದರೆ ಮಾತ್ರ ಮೇಲಿನ ಜಾಗ. ವೇರಿಯಬಲ್‌ನಲ್ಲಿ / ಎಂಬ ಬೇರಿನಿಂದ ಶುರುವಾಗುವ ಪೂರ್ಣ ಹಾದಿ ಇರಲೇಬೇಕು, ಇಲ್ಲದಿದ್ದರೆ ಅದನ್ನು ಅಸಿಂಧುವೆಂದು ಬಿಟ್ಟುಬಿಡಬೇಕು. ಫೋಲ್ಡರು ಇನ್ನೂ ಇಲ್ಲದಿದ್ದರೆ ಮಾಲೀಕರಿಗಷ್ಟೇ ಅನುಮತಿ ಇರುವಂತೆ ಅದನ್ನು ಸೃಷ್ಟಿಸಲು ಪ್ರಯತ್ನಿಸಬೇಕು. 2010ರ 0.7 ಆವೃತ್ತಿಯಲ್ಲಿ ಸೇರಿದ ರನ್‌ಟೈಮ್ ಫೋಲ್ಡರು ಇವುಗಳಿಗಿಂತ ಬೇರೆ ಬಗೆಯದು: ಪ್ರೋಗ್ರಾಮುಗಳು ಪರಸ್ಪರ ಮಾತಾಡಲು ಬಳಸುವ ಸಾಕೆಟ್ಟುಗಳಂಥ ಕ್ಷಣಿಕ ಕಡತಗಳಿಗೆ ಮೀಸಲು, ಲಾಗಿನ್ ಆದಾಗ ಹುಟ್ಟಿ ಪೂರ್ತಿ ಲಾಗೌಟ್ ಆದಾಗ ಅಳಿಯಬೇಕಾದದ್ದು. ಹಿನ್ನೆಲೆಯ ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಂಡಿ ಇರುವ ವ್ಯವಸ್ಥೆಗಳಲ್ಲಿ ಅದು /ರನ್/ಯೂಸರ್ ಕೆಳಗೆ ಬಳಕೆದಾರರ ಸಂಖ್ಯೆಯ ಹೆಸರಿನಲ್ಲಿ ಮೆಮೊರಿಯಲ್ಲೇ ಇರುತ್ತದೆ.

ಹುಡುಕುವ ಕ್ರಮದ ಬಗ್ಗೆ ಮಾನದಂಡ ಹೇಳುವ ಮಾತು ಇದಕ್ಕಿಂತ ಮುಖ್ಯವಾದದ್ದೆಂದು ನನಗನ್ನಿಸುತ್ತದೆ. ಒಂದು ಮಾಹಿತಿ ಕಡತವನ್ನು ಹುಡುಕುವಾಗ ಪ್ರೋಗ್ರಾಮು ಮೊದಲು ಬಳಕೆದಾರರ ~/.ಲೋಕಲ್/ಶೇರ್ ನೋಡಬೇಕು, ಆಮೇಲೆ /ಯುಎಸ್‌ಆರ್/ಲೋಕಲ್/ಶೇರ್, ಕೊನೆಗೆ /ಯುಎಸ್‌ಆರ್/ಶೇರ್. ಸೆಟ್ಟಿಂಗುಗಳ ವಿಷಯದಲ್ಲಿ ಮೊದಲು ~/.ಕಾನ್ಫಿಗ್, ಆಮೇಲೆ /ಇಟಿಸಿ/ಎಕ್ಸ್‌ಡಿಜಿ. ಅಂದರೆ ಹೋಮ್ ಫೋಲ್ಡರು ಇಡೀ ವ್ಯವಸ್ಥೆಯ ಮೇಲೆ ಹಾಸಿದ ಒಂದು ತೆಳು ಪದರದಂತೆ ಕೆಲಸ ಮಾಡುತ್ತದೆ. ಮೆನುವಿನಲ್ಲಿ ಕಾಣುವ ಯಾವುದೋ ಪ್ರೋಗ್ರಾಮು ಬೇರೊಂದು ಆಯ್ಕೆಯೊಡನೆ ತೆರೆಯಬೇಕೆಂದಿದ್ದರೆ, /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಒಳಗಿನ, ಮೆನುವಿಗೆ ಅದರ ವಿವರ ಕೊಡುವ ಡೆಸ್ಕ್‌ಟಾಪ್ ಕಡತವನ್ನು ~/.ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಅದೇ ಹೆಸರಿನಲ್ಲಿ ನಕಲಿಸಿ ತಿದ್ದಿದರಾಯಿತು. ಮೂಲವನ್ನು ಮುಟ್ಟಬೇಕಿಲ್ಲ, ನಕಲನ್ನು ಅಳಿಸಿದರೆ ಮೂಲವೇ ಮತ್ತೆ ಮೇಲೆ ಬರುತ್ತದೆ. ಇದಕ್ಕೊಂದು ಬೆಲೆಯೂ ಇದೆ. ಡಿಸ್ಟ್ರೊ ಮುಂದೆ ಮೂಲ ಕಡತವನ್ನು ಸುಧಾರಿಸಿದರೂ ಹಳೆಯ ನಕಲು ಅದನ್ನು ಮರೆಮಾಡಿಕೊಂಡೇ ಇರುತ್ತದೆ, ಅದನ್ನು ಮಾಡಿಟ್ಟವರಿಗೆ ಆ ಹೊತ್ತಿಗೆ ಅದರ ನೆನಪಿರುವುದಿಲ್ಲ.

ಮಾನದಂಡ ಬರೆದಿಟ್ಟ ಮಾತ್ರಕ್ಕೆ ಎಲ್ಲರೂ ಪಾಲಿಸುವುದಿಲ್ಲ. ಗಿಟ್ 2012ರಲ್ಲಿ, ಪಠ್ಯ ಸಂಪಾದಕಗಳಾದ ಈಮ್ಯಾಕ್ಸ್ 2020ರಲ್ಲಿ, ವಿಮ್ 2024ರಲ್ಲಿ ~/.ಕಾನ್ಫಿಗ್ ಒಳಗಿನ ಕಡತಗಳನ್ನೂ ಓದಲು ಕಲಿತವು. ಬ್ಯಾಶ್ ಎಂಬ ಶೆಲ್ ಮತ್ತು ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಇಂದಿಗೂ ಹಳೆಯ ಜಾಗದಲ್ಲೇ ಇವೆ. ಇದನ್ನು ಬರೀ ಹಟಮಾರಿತನವೆಂದು ತಳ್ಳಿಹಾಕಲಾಗದು: ಎಸ್‌ಎಸ್‌ಎಚ್ ಕೀಲಿಗಳಿರುವ ಜಾಗವನ್ನು ಅಸಂಖ್ಯ ಸ್ಕ್ರಿಪ್ಟುಗಳು, ದಸ್ತಾವೇಜುಗಳು, ಭದ್ರತಾ ನಿಯಮಗಳು ನಂಬಿಕೊಂಡಿವೆ. ಸ್ಥಳ ಬದಲಿಸುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ, ಹಳೆಯ ಕಡತ ಇದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಹೊಸ ಜಾಗಕ್ಕೆ ಹೋಗು ಎಂಬುದು. ಹಳೆಯ ಬಳಕೆದಾರರಿಗೆ ತೊಂದರೆಯಾಗದ ದಾರಿಯೇನೋ ಹೌದು, ಆದರೆ ಒಂದೇ ಪ್ರೋಗ್ರಾಮು ಎರಡು ಯಂತ್ರಗಳಲ್ಲಿ ಎರಡು ಜಾಗ ಹಿಡಿದು ಕೂತಿರುವುದಕ್ಕೆ ಇದೇ ಕಾರಣ.

ಪಾಲಿಸುವವರೂ ಕೆಲವೊಮ್ಮೆ ಅಕ್ಷರಕ್ಕೆ ಮಾತ್ರ ಬದ್ಧರು. ಕ್ರೋಮಿಯಂ ಬ್ರೌಸರ್ ತನ್ನ ಪ್ರೊಫೈಲನ್ನು, ಅಂದರೆ ಭೇಟಿಯ ಚರಿತ್ರೆ, ಕುಕಿಗಳು, ಎಕ್ಸ್‌ಟೆನ್ಶನ್‌ಗಳನ್ನೆಲ್ಲ, ~/.ಕಾನ್ಫಿಗ್ ಒಳಗೇ ಇಡುತ್ತದೆ. ಎಲೆಕ್ಟ್ರಾನ್ ಎಂಬ, ಕ್ರೋಮಿಯಂ ಆಧಾರಿತ ಚೌಕಟ್ಟನ್ನು ಬಳಸಿ ಕಟ್ಟಿದ ಪ್ರೋಗ್ರಾಮುಗಳ ಪೂರ್ವನಿಯೋಜಿತ ಜಾಗವೂ ಅದೇ, ಅವುಗಳ ಕ್ಯಾಶ್ ಕೂಡ ಸಾಮಾನ್ಯವಾಗಿ ಅಲ್ಲೇ ಬೆಳೆಯುತ್ತದೆ. ಕೆಲವೇ ಕಿಲೋಬೈಟುಗಳ ಸೆಟ್ಟಿಂಗುಗಳನ್ನು ಮಾತ್ರ ಬ್ಯಾಕಪ್ ಮಾಡುತ್ತಿದ್ದೇನೆಂದು ನಂಬಿದವರಿಗೆ ಗಿಗಾಬೈಟುಗಟ್ಟಲೆ ಕಡತಗಳು ಎದುರಾಗುವುದು ಹೀಗೆ. ಪ್ರಶ್ನೆ ಮರೆತು ಹೆಸರನ್ನಷ್ಟೇ ಎತ್ತಿಕೊಂಡರೆ ವಿಂಗಡಣೆಯ ಉದ್ದೇಶವೇ ಕೈತಪ್ಪುತ್ತದೆ.

ಇನ್ನು ಪ್ರೋಗ್ರಾಮಿನ ವಿಳಾಸಕ್ಕೆ ಬರೋಣ. ~/.ಲೋಕಲ್ ಎಂಬ ಹೆಸರು /ಯುಎಸ್‌ಆರ್/ಲೋಕಲ್‌ನ ಪ್ರತಿಬಿಂಬದಂತಿದೆ: ಅಲ್ಲಿ ಬಿನ್, ಲಿಬ್, ಶೇರ್ ಇರುವ ಹಾಗೆಯೇ ಇಲ್ಲಿಯೂ ಇರಬಹುದು. ಸೋರ್ಸ್ ಕೋಡಿನಿಂದ ಪ್ರೋಗ್ರಾಮು ಕಟ್ಟುವವರು ಎಲ್ಲಿ ಇನ್‌ಸ್ಟಾಲ್ ಆಗಬೇಕೆಂದು ಹೇಳುವ ಪ್ರಿಫಿಕ್ಸ್ ಆಯ್ಕೆಗೆ ~/.ಲೋಕಲ್ ಹಾದಿಯನ್ನು ಕೊಟ್ಟರೆ ಎಲ್ಲವೂ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ, ನಿರ್ವಾಹಕರ ಅನುಮತಿ ಬೇಕಾಗುವುದಿಲ್ಲ. ಪೈಥಾನ್ 2008ರಲ್ಲಿ ಬಂದ 2.6 ಆವೃತ್ತಿಯಲ್ಲೇ ಬಳಕೆದಾರರ ಮಟ್ಟದ ಇನ್‌ಸ್ಟಾಲಿಗೆ ಇದೇ ಮರವನ್ನು ಆರಿಸಿಕೊಂಡಿತು, ಲೈಬ್ರರಿಗಳು ~/.ಲೋಕಲ್/ಲಿಬ್ ಒಳಗೆ, ಚಲಾಯಿಸುವ ಸ್ಕ್ರಿಪ್ಟುಗಳು ~/.ಲೋಕಲ್/ಬಿನ್ ಒಳಗೆ. ಫ್ರೀಡೆಸ್ಕ್‌ಟಾಪ್ ಮಾನದಂಡದಲ್ಲಿ ಈ ಬಿನ್ ಫೋಲ್ಡರಿನ ಪ್ರಸ್ತಾಪ ಬಂದದ್ದು ಅದಾಗಿ ಹದಿಮೂರು ವರ್ಷಗಳ ಮೇಲೆ, ಅದೇ 0.8 ಆವೃತ್ತಿಯಲ್ಲಿ. ಬಂದದ್ದಾದರೂ ಎಷ್ಟು? ಬಳಕೆದಾರರ ಚಾಲನೀಯ ಕಡತಗಳನ್ನು ಅಲ್ಲಿಡಬಹುದು, ಡಿಸ್ಟ್ರೊಗಳು ಅದನ್ನು ಪಾತ್ ವೇರಿಯಬಲ್‌ಗೆ ಸೂಕ್ತ ಜಾಗದಲ್ಲಿ ಸೇರಿಸಬೇಕು ಎಂಬ ಒಂದೆರಡು ವಾಕ್ಯ ಮಾತ್ರ. ಬೇರೆ ನಾಲ್ಕಕ್ಕಿರುವಂತೆ ಇದಕ್ಕೆ ಸ್ವಂತ ವೇರಿಯಬಲ್ ಇಲ್ಲ, ಲೈಬ್ರರಿಗಳ ಬಗ್ಗೆ ಮಾತೇ ಇಲ್ಲ. ಜೊತೆಗೊಂದು ಎಚ್ಚರಿಕೆಯಿದೆ: ಒಂದೇ ಹೋಮ್ ಫೋಲ್ಡರನ್ನು ನೆಟ್‌ವರ್ಕಿನ ಮೂಲಕ ಭಿನ್ನ ಬಗೆಯ ಪ್ರೊಸೆಸರುಗಳಿರುವ ಯಂತ್ರಗಳು ಹಂಚಿಕೊಂಡಿದ್ದರೆ, ಒಂದಕ್ಕಾಗಿ ಕಂಪೈಲ್ ಮಾಡಿದ ಪ್ರೋಗ್ರಾಮು ಇನ್ನೊಂದರಲ್ಲಿ ಓಡುವುದಿಲ್ಲ. ಸೆಟ್ಟಿಂಗಿನ ಕಡತ ಎಲ್ಲ ಯಂತ್ರಗಳಿಗೂ ಒಂದೇ, ಪ್ರೋಗ್ರಾಮು ಹಾಗಲ್ಲ.

ಸೂಕ್ತ ಜಾಗದಲ್ಲಿ ಎಂಬ ಆ ಎರಡು ಪದಗಳ ಹಿಂದೆ ದೊಡ್ಡ ತಲೆನೋವೇ ಅಡಗಿದೆ. ಟೈಪ್ ಮಾಡಿದ ಆಜ್ಞೆಯನ್ನು ಶೆಲ್ ಯಾವ ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬ ಪಟ್ಟಿಯೇ ಪಾತ್. ~/.ಲೋಕಲ್/ಬಿನ್ ಮೊದಲಿದ್ದರೆ ಬಳಕೆದಾರರು ಹಾಕಿಕೊಂಡ ಹೊಸ ಆವೃತ್ತಿ ವ್ಯವಸ್ಥೆಯ ಹಳೆಯ ಆವೃತ್ತಿಯನ್ನು ಮರೆಮಾಡುತ್ತದೆ, ಬೇಕಾಗಿರುವುದೂ ಬಹುತೇಕ ಅದೇ. ಆದರೆ ಬಳಕೆದಾರರ ಹೆಸರಿನಲ್ಲಿ ಓಡುವ ಯಾವ ದುಷ್ಟ ತಂತ್ರಾಂಶವಾದರೂ ಅಲ್ಲಿ ಸುಡೊ (ನಿರ್ವಾಹಕರ ಅಧಿಕಾರದಲ್ಲಿ ಆಜ್ಞೆ ನಡೆಸುವ ಸಾಧನ) ಎಂಬ ಹೆಸರಿನ ನಕಲಿ ಪ್ರೋಗ್ರಾಮನ್ನಿಟ್ಟು ಪಾಸ್‌ವರ್ಡ್ ಕದಿಯಬಹುದು. ಕೊನೆಯಲ್ಲಿಟ್ಟರೆ ಆ ಅಪಾಯ ತಗ್ಗುತ್ತದೆ, ಉಪಯೋಗವೂ ತಗ್ಗುತ್ತದೆ. ಅಂಥ ತಂತ್ರಾಂಶ ಶೆಲ್‌ನ ಆರಂಭಿಕ ಕಡತವನ್ನೇ ತಿದ್ದಿ ಅದೇ ಕೆಲಸ ಮಾಡಬಲ್ಲದಾದ್ದರಿಂದ, ಮೊದಲಿಡುವುದೇ ಹೆಚ್ಚು ಪ್ರಾಮಾಣಿಕ ಆಯ್ಕೆಯೆಂದು ನನ್ನ ಅಭಿಪ್ರಾಯ.

ಪಾತ್‌ಗೆ ಇದನ್ನು ಸೇರಿಸುವವರು ಯಾರು ಎಂಬುದರಲ್ಲೂ ಏಕರೂಪವಿಲ್ಲ. ಫೆಡೋರಾ ಬ್ಯಾಶ್‌ನ ಆರಂಭಿಕ ಕಡತದಲ್ಲೇ ಸೇರಿಸಿಡುತ್ತದೆ. ಡೆಬಿಯನ್ ಹೊಸ ಬಳಕೆದಾರರಿಗೆ ಕೊಡುವ ಪ್ರೊಫೈಲ್ ಕಡತವು ಲಾಗಿನ್ ಆಗುವ ಹೊತ್ತಿನಲ್ಲಿ ಆ ಫೋಲ್ಡರು ಇದ್ದರೆ ಮಾತ್ರ ಸೇರಿಸುತ್ತದೆ. ಮೊತ್ತಮೊದಲ ಪ್ರೋಗ್ರಾಮನ್ನು ಹಾಕಿದ ದಿನ ಫೋಲ್ಡರು ಆಗಷ್ಟೇ ಹುಟ್ಟಿರುವುದರಿಂದ, ಆಜ್ಞೆ ಸಿಗಲಿಲ್ಲವೆಂಬ ಉತ್ತರ ಬಂದು, ಒಮ್ಮೆ ಲಾಗೌಟ್ ಆಗಿ ಬಂದ ಮೇಲೆ ಏಕೋ ಎಲ್ಲ ಸರಿಹೋಗುತ್ತದೆ. ಶೆಲ್‌ನ ಕಡತದಲ್ಲಿ ಮಾಡಿದ ಬದಲಾವಣೆ ಟರ್ಮಿನಲ್‌ಗೆ ಗೊತ್ತಿದ್ದರೂ ಮೆನುವಿನಿಂದ ತೆರೆಯುವ ಪ್ರೋಗ್ರಾಮುಗಳಿಗೆ ತಲಪದೇ ಹೋಗಬಹುದು, ಏಕೆಂದರೆ ಅವನ್ನು ಹುಟ್ಟಿಸುವುದು ಆ ಶೆಲ್ ಅಲ್ಲ. ಸಿಸ್ಟಂಡಿ ಇದಕ್ಕಾಗಿಯೇ ~/.ಕಾನ್ಫಿಗ್/ಎನ್ವಿರಾನ್‌ಮೆಂಟ್.ಡಿ ಎಂಬ ಫೋಲ್ಡರನ್ನು ಇಟ್ಟಿದೆ. ಸುಡೊ ಮೂಲಕ ಓಡಿಸಿದಾಗಲೂ ಬಹುತೇಕ ಡಿಸ್ಟ್ರೊಗಳಲ್ಲಿ ಪಾತ್ ಬದಲಾಗಿ ~/.ಲೋಕಲ್/ಬಿನ್ ಕಣ್ಮರೆಯಾಗುತ್ತದೆ. ಅದು ಬೇಕೆಂದೇ ಮಾಡಿದ ಭದ್ರತೆ.

ಈ ಅರೆಬರೆ ಸ್ಥಿತಿಯಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಸಾಧನಗಳು ತಮ್ಮದೇ ಮನೆ ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ರಸ್ಟ್‌ನ ಕಾರ್ಗೊ ~/.ಕಾರ್ಗೊ/ಬಿನ್ ಒಳಗೆ, ಗೋ ಭಾಷೆ ~/ಗೋ/ಬಿನ್ ಒಳಗೆ ಪ್ರೋಗ್ರಾಮುಗಳನ್ನು ಇಡುತ್ತವೆ. ಪ್ರತಿ ಹೊಸ ಸಾಧನದ ಇನ್‌ಸ್ಟಾಲರೂ ಶೆಲ್‌ನ ಆರಂಭಿಕ ಕಡತಕ್ಕೆ ಒಂದೊಂದು ಸಾಲು ಸೇರಿಸುತ್ತ ಹೋಗುತ್ತದೆ. ಗಾಳಿ ಈಚೆಗೆ ಸ್ವಲ್ಪ ತಿರುಗಿದೆ: ಪೈಥಾನ್ ಲೋಕದ ಯುವಿ ಎಂಬ ಸಾಧನ ಮೊದಲು ಕಾರ್ಗೊ ಫೋಲ್ಡರಿನಲ್ಲಿ ತನ್ನನ್ನು ಹಾಕಿಕೊಳ್ಳುತ್ತಿದ್ದು, 2024ರಲ್ಲಿ ~/.ಲೋಕಲ್/ಬಿನ್‌ಗೆ ವಲಸೆ ಬಂತು.

ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಎಂಬ, ಬೇರೆ ಬೇರೆ ಡಿಸ್ಟ್ರೊಗಳಲ್ಲಿ ಓಡುವಂತೆ ಪ್ರೋಗ್ರಾಮನ್ನು ಕಟ್ಟಿಕೊಡುವ ಮೂರು ವಿಧಾನಗಳೂ ಈ ಪ್ರಶ್ನೆಗೆ ಬೇರೆ ಬೇರೆ ರೀತಿಯಲ್ಲಿ ಉತ್ತರಿಸುತ್ತವೆ. ಫ್ಲಾಟ್‌ಪ್ಯಾಕಿನ ಬಳಕೆದಾರ ಮಟ್ಟದ ಇನ್‌ಸ್ಟಾಲ್ ~/.ಲೋಕಲ್/ಶೇರ್/ಫ್ಲಾಟ್‌ಪ್ಯಾಕ್ ಒಳಗೆ ಹೋಗುತ್ತದೆ, ಪ್ರತಿ ಪ್ರೋಗ್ರಾಮಿನ ಮಾಹಿತಿ ~/.ವಾರ್/ಆಪ್ ಕೆಳಗೆ ಅದರದ್ದೇ ಫೋಲ್ಡರಿನಲ್ಲಿರುತ್ತದೆ. ಪ್ರೋಗ್ರಾಮಿನ ಒಳಗಿನಿಂದ ನೋಡಿದರೆ ಎಕ್ಸ್‌ಡಿಜಿ ವೇರಿಯಬಲ್‌ಗಳು ಈ ಫೋಲ್ಡರಿನತ್ತ ತಿರುಗಿರುತ್ತವೆ. ಆದ್ದರಿಂದ ಮಾನದಂಡ ಪಾಲಿಸುವ ಪ್ರೋಗ್ರಾಮು ಯಾವ ತಿದ್ದುಪಡಿಯೂ ಇಲ್ಲದೆ, ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಸ್ಯಾಂಡ್‌ಬಾಕ್ಸಿನೊಳಗೆ ಕೂರುತ್ತದೆ. ಹಳೆಯ ಆ ಚಿಕ್ಕ ಬರಹಕ್ಕೆ ಸಿಕ್ಕ ಅತ್ಯುತ್ತಮ ಪ್ರಯೋಜನ ಇದೇ ಇರಬೇಕು. ಸ್ನ್ಯಾಪ್ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯೂ ಇಲ್ಲದ, ಎದ್ದು ಕಾಣುವ ~/ಸ್ನ್ಯಾಪ್ ಫೋಲ್ಡರನ್ನು ಸೃಷ್ಟಿಸುತ್ತದೆ. ಬಹಳ ವರ್ಷಗಳಿಂದ ಜನರು ದೂರುತ್ತಿರುವುದು ಇದನ್ನೇ. ಆಪ್‌ಇಮೇಜ್ ಒಂದೇ ಕಡತ, ಎಲ್ಲಿಟ್ಟರೆ ಅಲ್ಲಿ ಓಡುತ್ತದೆ, ಆ ಸ್ವಾತಂತ್ರ್ಯದಿಂದಾಗಿಯೇ ಅದು ಕೊನೆಗೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದುಹೋಗುತ್ತದೆ.

ಎರಡನೆಯ ಪ್ರಶ್ನೆ ಅರ್ಧಕ್ಕೇ ನಿಂತದ್ದರ ಕಾರಣ ಇಲ್ಲಿ ಸ್ಪಷ್ಟವಾಗುತ್ತದೆ. ಸೆಟ್ಟಿಂಗಿನ ಕಡತಕ್ಕೆ ಜಾಗ ಸಿಕ್ಕರೆ ಸಾಕು, ಏಕೆಂದರೆ ಫೋಲ್ಡರಿನ ಹೆಸರೇ ಅದರ ಒಡೆಯ ಯಾರೆಂದು ಹೇಳುತ್ತದೆ. ಪ್ರೋಗ್ರಾಮಿಗೆ ಜಾಗ ಸಾಲದು, ದಾಖಲೆಯೂ ಬೇಕು: ಒಂದೇ ಇನ್‌ಸ್ಟಾಲ್ ಬಿನ್ ಒಳಗೆ ಎರಡು ಕಡತ, ಲಿಬ್ ಒಳಗೆ ಹತ್ತು, ಶೇರ್ ಒಳಗೆ ಐಕಾನು ಮತ್ತು ಮ್ಯಾನ್ (ಕೈಪಿಡಿ) ಪುಟಗಳನ್ನು ಹರಡಿ ಹೋಗುತ್ತದೆ, ತೆಗೆಯುವ ದಿನ ಬಂದಾಗ ಯಾವ ಕಡತ ಯಾರದ್ದೆಂದು ಯಾರಾದರೂ ಬರೆದಿಟ್ಟಿರಬೇಕು. /ಯುಎಸ್‌ಆರ್ ಕೆಳಗೆ ಆ ಲೆಕ್ಕವನ್ನು ಡಿಸ್ಟ್ರೊದ ಪ್ರೋಗ್ರಾಮುಗಳನ್ನು ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್ ಇಡುತ್ತದೆ, ಹೀಗಾಗಿಯೇ ಅಲ್ಲಿ ಸಾವಿರಾರು ಪ್ರೋಗ್ರಾಮುಗಳ ಕಡತಗಳು ಬೆರೆತಿದ್ದರೂ ಅವ್ಯವಸ್ಥೆಯಿಲ್ಲ. ~/.ಲೋಕಲ್ ಮರಕ್ಕೆ ಅಂಥ ಒಬ್ಬ ಲೆಕ್ಕಿಗನಿಲ್ಲ. ಕಾರ್ಗೊ ಮತ್ತು ಫ್ಲಾಟ್‌ಪ್ಯಾಕ್ ತಮ್ಮ ತಮ್ಮ ಲೆಕ್ಕ ಇಡುತ್ತವೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದಿಲ್ಲ. ಪ್ರತ್ಯೇಕ ಫೋಲ್ಡರುಗಳಿಗಾಗಿ ಅವು ಪಟ್ಟು ಹಿಡಿಯುವುದು ಬರೀ ಅಶಿಸ್ತಿನಿಂದಲ್ಲ. ತಾವು ಹಾಕಿದ್ದನ್ನು ತಾವೇ ಪೂರ್ತಿಯಾಗಿ ತೆಗೆಯಲು ಅದು ಅತಿ ಸುಲಭದ ಉಪಾಯ.

ಕೈಯಾರೆ ಪ್ರೋಗ್ರಾಮು ಹಾಕಿಕೊಳ್ಳುವವರಿಗೆ ಈ ಲೆಕ್ಕದ ಕೊರತೆಯನ್ನು ತುಂಬಲು ಹಳೆಯದೊಂದು ಸರಳ ಉಪಾಯವಿದೆ. ಗ್ನು ಯೋಜನೆಯ ಸ್ಟೋ ಎಂಬ ಸಾಧನವನ್ನು ಬಳಸಿ, ಪ್ರತಿ ಪ್ರೋಗ್ರಾಮನ್ನೂ ~/.ಲೋಕಲ್/ಸ್ಟೋ ಕೆಳಗೆ ಅದರದ್ದೇ ಹೆಸರಿನ ಫೋಲ್ಡರಿನೊಳಗೆ ಬಿನ್, ಲಿಬ್, ಶೇರ್ ಸಮೇತ ಇನ್‌ಸ್ಟಾಲ್ ಮಾಡುವುದು; ಆಮೇಲೆ ಸ್ಟೋ ಆಜ್ಞೆ ಕೊಟ್ಟರೆ ಅದು ~/.ಲೋಕಲ್‌ನ ಬಿನ್, ಲಿಬ್, ಶೇರ್ ಒಳಗೆ ಕೇವಲ ಮೂಲ ಕಡತದತ್ತ ಬೊಟ್ಟುಮಾಡುವ ಸಿಂಬಾಲಿಕ್ ಲಿಂಕುಗಳನ್ನು ಹೆಣೆಯುತ್ತದೆ. ಅಲ್ಲಿ ಕಾಣುವ ಯಾವ ಲಿಂಕನ್ನು ಹಿಂಬಾಲಿಸಿದರೂ ಒಡೆಯ ಯಾರೆಂದು ತಿಳಿಯುತ್ತದೆ. ಪ್ರೋಗ್ರಾಮು ಬೇಡವಾದಾಗ ಲಿಂಕುಗಳನ್ನು ಬಿಚ್ಚುವಂತೆ ಸ್ಟೋಗೆ ಹೇಳಿ ಆ ಒಂದು ಫೋಲ್ಡರನ್ನು ಅಳಿಸಿದರೆ ಪ್ರೋಗ್ರಾಮಿನ ಕಡತಗಳೆಲ್ಲ ಹೋದಂತೆಯೇ, ~/.ಕಾನ್ಫಿಗ್ ಒಳಗೆ ಅದು ಬಿಟ್ಟುಹೋದ ಸೆಟ್ಟಿಂಗುಗಳನ್ನು ಮಾತ್ರ, ಬೇಕೋ ಬೇಡವೋ ಎಂದು ನೋಡಿ, ಬಳಕೆದಾರರೇ ತೆಗೆಯಬೇಕು.